ಬೈರಾಸಿಗೆ ಹತ್ತಿದ ಕಾಚು

ಶನಿವಾರ ಮಧ್ಯಾಹ್ನ ಊಟದ ಪಾತ್ರೆಗಳನ್ನು ತೊಳೆದು ಕವುಚಿ ಹಾಕಿ, ಒಗೆಯುವ ಕಲ್ಲಿನ ಹತ್ತಿರ ಬಂದ ಸಂಚಿತಾ ಬಕೆಟ್ಟಿನಿಂದ ಹೆಗಲಿಗೆ ಹಾಕುವ ನೀಲಿ ಬೈರಾಸನ್ನು ಎತ್ತಿ ಕೊಡವಿದಳು. ಬೆಳಿಗ್ಗೆ ಮಾವ ಶೀನಪ್ಪ ಶೆಟ್ಟರ ಕೋವಿಯನ್ನು ಇದರಲ್ಲೇ ಸುತ್ತಿ ಪೊಲೀಸ್ ಠಾಣೆಗೆ ಒಯ್ದಿದ್ದರು. ಚುನಾವಣೆ ಬಂತೆಂದರೆ ಪರವಾನಗಿ ಇದ್ದವರು ಕೋವಿಯನ್ನು ಠಾಣೆಗೆ ಒಪ್ಪಿಸಬೇಕು, ಎಲ್ಲ ಮುಗಿದ ಮೇಲೆ ಹೋಗಿ ಬಿಡಿಸಿಕೊಂಡು ಬರಬೇಕು. ಈ ಮನೆಗೆ ಅದು ಹೊಸದಲ್ಲ. ಕೋವಿಯನ್ನು ಒಳಗೆ ಹೊತ್ತದ್ದು ಗಂಡ ವಿನೀತ್. ಮಾವನಿಗೆ ಮೊಣಕಾಲು ನೋವು; ಕಾರಿನಲ್ಲೇ ಕೂತು ಸಹಿ ಹಾಕಿದ್ದರು. ಪೊಲೀಸರು ಕೋವಿ ಇಟ್ಟುಕೊಂಡು ಬೈರಾಸು ಹಿಂದೆ ಕೊಟ್ಟಿದ್ದರು.

ಬೈರಾಸಿನ ನಡುವೆ ಅಂಗೈಯಗಲದ ಕೆಂಪು ಕಲೆ ಇತ್ತು. ಯಾರೋ ಎಲೆ ತಿಂದ ಬಾಯಿ ಒರೆಸಿದರೇನೋ ಎಂದು ಮುಖ ಸಿಂಡರಿಸಿ, ಸೋಪು ಹಚ್ಚುವ ಮೊದಲು ಒಮ್ಮೆ ಮೂಸಿದಳು. ಎಲೆಯಡಿಕೆಯ ವಾಸನೆಯಲ್ಲ. ಅಗಸೆ ಎಣ್ಣೆ. ಅದರಡಿಯಲ್ಲಿ, ಒಗರೊಗರಾಗಿ, ಕಾಚು.

ಸೋಪು ಕೈಯಿಂದ ಜಾರಿ ಕಲ್ಲಿನ ಸಂದಿಗೆ ಬಿತ್ತು.

ಮಾವನ ಕೋವಿಯ ಮರ ಬೀಟೆ. ಮೂರು ತಲೆಮಾರಿನ ಅಂಗೈ ಬೆವರು ಕುಡಿದು ಕಪ್ಪಾದದ್ದು. ಅದಕ್ಕೆ ಯಾರೂ ಕಾಚು ಬಳಿದವರಿಲ್ಲ. ಕಾಚು ಬಳಿದವಳು ಅವಳೇ, ಬಳಿದದ್ದು ಹಲಸಿನ ಮರಕ್ಕೆ, ಮಾವನ ಕೋವಿಯನ್ನು ಎದುರಿಗಿಟ್ಟುಕೊಂಡು ತಾನೇ ಕೆತ್ತಿದ ನಕಲಿಗೆ. ಹಳದಿ ಹಲಸು ಬೀಟೆಯಂತೆ ಕಾಣಲೆಂದು ಕಾಚಿನ ನೀರನ್ನು ಮತ್ತೆ ಮತ್ತೆ ಕುಡಿಸಿ, ಮೇಲೆ ಅಗಸೆ ಎಣ್ಣೆ ತಿಕ್ಕಿದ್ದಳು. ಈ ಸೆಕೆಗೆ ಎಣ್ಣೆ ಪೂರ್ತಿ ಒಣಗಿರಲಿಲ್ಲ. ಕಾರಿನ ಬಿಸಿಗೆ ಬೈರಾಸಿಗಿಳಿದಿದೆ.

ಹಾಗಾದರೆ ಠಾಣೆಯಲ್ಲಿ ಚೀಟಿ ಕಟ್ಟಿಸಿಕೊಂಡು ಕೂತದ್ದು ನಕಲಿ. ಅಸಲಿ ಕೋವಿ, ನಕಲಿ ಹೋಗಬೇಕಾಗಿದ್ದ ಕಡೆಗೆ ಹೋಗಿದೆ. ಅಂದರೆ ಕಂಕನಾಡಿಯ ಸಭಾಭವನಕ್ಕೆ, ಮಕ್ಕಳ ರಜಾ ಶಿಬಿರಕ್ಕೆ. ಇವತ್ತು ಸಂಜೆ ಅಲ್ಲಿ ನಾಟಕ. ಬೇಟೆಗಾರನ ಪಾತ್ರ, ನಕಲಿಗೆ ಕಬ್ಬಿಣದ ಕೆಲಸ ಮಾಡಿಕೊಟ್ಟ ಯೋಗೀಶನ ಮಗಳು ಮನ್ವಿತಾಳದ್ದು. ಅವಳು ಕೋವಿ ಗುರಿಯಿಟ್ಟು ನಿಲ್ಲುವುದು ಹುಲಿಯ ಎದುರು. ಹುಲಿಯ ಪಾತ್ರ ಮೋಕ್ಷಾಳದ್ದು, ಸಂಚಿತಾಳ ಮಗಳದ್ದು.

ಒದ್ದೆ ಕೈಯಲ್ಲೇ ಮೊಬೈಲು ಹಿಡಿದು ಯೋಗೀಶನಿಗೆ ಫೋನು ಮಾಡಿದಳು. ಅವನು ನದಿಯಾಚೆ ಬೆಂಗ್ರೆಯ ಅಕ್ಕನ ಮನೆಗೆ ಹೋಗಿದ್ದ.

"ಸಂಚಿತಕ್ಕ, ಫೆರಿ ಆಚೆ ದಡದಲ್ಲುಂಟು. ಎಂತ ಅರ್ಜೆಂಟಾ?"

"ನೀನು ಶಿಬಿರಕ್ಕೆ ಕಳಿಸಿದ್ದು ಮಾವನ ಬೆಡಿ ಯೋಗೀಶ. ಅಸಲಿ ಕೋವಿ."

ನೀರಿನ ಸದ್ದಿನ ನಡುವೆ ಅವನ ದನಿ ಸಣ್ಣಗೆ ಬಂತು. "ಅಕ್ಕ, ಮನ್ವಿತಾಳ ಹತ್ರ ಒಂದು ಡಬ್ಬಿ ಕೇಪು ಕೊಟ್ಟಿದ್ದೇನೆ ನಾನು."

ಅದು ಅವಳಿಗೆ ನೆನಪಿರಲಿಲ್ಲವೆಂದಲ್ಲ, ನೆನಪು ಮಾಡಿಕೊಳ್ಳಲು ಮನಸ್ಸು ಒಪ್ಪಿರಲಿಲ್ಲ. ದೀಪಾವಳಿಗೆ ಮಕ್ಕಳು ಆಟದ ಪಿಸ್ತೂಲಿಗೆ ಹಾಕುವ ಕೆಂಪು ಕೇಪು. ನಾಟಕದಲ್ಲಿ ಟಪ್ಪೆಂದು ಸದ್ದಾಗಲಿ ಎಂದು, ನಕಲಿಯ ಕುದುರೆ ಎನ್ನುವ ಸುತ್ತಿಗೆ ಬಡಿಯುವ ಜಾಗದಲ್ಲಿ ಆ ಕೇಪು ಕೂರುವಂತೆ ಯೋಗೀಶನೇ ಹಿತ್ತಾಳೆಯ ಮೊಳೆ ಮಾಡಿ ಕೂರಿಸಿದ್ದ. ಅಳತೆ ತೆಗೆದದ್ದು ಅಸಲಿಯಿಂದ. ನಕಲಿಗೆ ಕೂರುವ ಕೇಪು ಅಸಲಿಗೂ ಸಮನಾಗಿ ಕೂರುತ್ತದೆ. ನಕಲಿಯ ನಳಿಗೆಯೊಳಗೆ ಮರದ ಬಿರಡೆ, ಟಪ್ಪೆಂದರೆ ಅಷ್ಟೇ. ಅಸಲಿಯ ನಳಿಗೆಯೊಳಗೆ ಮದ್ದು ಇದ್ದರೆ?

ಶಿಬಿರದ ಟೀಚರ್ ಬೆನಿಟಾ ಫೋನು ಎತ್ತಲಿಲ್ಲ. ಇನ್ನೊಮ್ಮೆ ಮಾಡಿದಳು. ಎತ್ತಲಿಲ್ಲ. ಹಳೇ ಕೋವಿಗಳ ಕೂಟದ ನಿಯಾಝನಿಗೆ ಮಾಡಿ ಎರಡೇ ಮಾತಿನಲ್ಲಿ ಹೇಳಿ, ಜೋನ್‌ನನ್ನೂ ಕರೆದುಕೊಂಡು ಬರಲು ಹೇಳಿದಳು. ಚಾವಡಿಗೆ ಓಡಿದಾಗ ಮಾವ ಆರಾಮಕುರ್ಚಿಯಲ್ಲಿ ಕೂತು ಮೊಣಕಾಲಿಗೆ ಎಣ್ಣೆ ಉಜ್ಜಿಕೊಳ್ಳುತ್ತಿದ್ದರು.

"ಮಾವ, ನಿಮ್ಮ ಬೆಡಿ ಖಾಲಿ ಉಂಟಲ್ಲ? ಮದ್ದು ಗಿದ್ದು ಎಂತ ಇಲ್ಲ ಅಲ್ವಾ?"

"ಖಾಲಿ, ಖಾಲಿ. ಯಾಕೆ?"

"ಅದು ಠಾಣೆಗೆ ಹೋಗ್ಲಿಲ್ಲ. ಬದಲಾಗಿದೆ. ಮಕ್ಕಳ ಹತ್ರ ಉಂಟು."

ಶೀನಪ್ಪ ಶೆಟ್ಟರ ಕೈ ಮೊಣಕಾಲಿನ ಮೇಲೆ ನಿಂತಿತು. ಅವರು ಎದ್ದರು. ಊರುಗೋಲು ಕುರ್ಚಿಗೊರಗಿಯೇ ಇತ್ತು. ಅದನ್ನು ಮುಟ್ಟದೆ ಬಾಗಿಲ ತನಕ ನಡೆದು ಚಪ್ಪಲಿಗೆ ಕಾಲು ತೂರಿಸಿದರು.

"ನಾನೂ ಬರ್ತೇನೆ," ಎಂದರು.

ಸಂಚಿತಾ ಗೋಡೆಯ ಮೊಳೆಯಿಂದ ಕೀಲಿಕೈ ಎಳೆದುಕೊಂಡಳು.

ವಿನೀತ್ ಕಾರು ತೆಗೆದುಕೊಂಡು ಹೋಟೆಲಿಗೆ ಹೋಗಿಯಾಗಿತ್ತು. ಇದ್ದದ್ದು ಅವಳ ಸ್ಕೂಟರ್. ಮಾವ ಅದರ ಹಿಂದೆ ಕೂತದ್ದು ಇದೇ ಮೊದಲು. ನೋಯುವ ಕಾಲನ್ನು ಎಲ್ಲಿಡುವುದೆಂದು ತಿಳಿಯದೆ ಗಾಳಿಯಲ್ಲೇ ಹಿಡಿದುಕೊಂಡು, ಒಂದು ಕೈಯಲ್ಲಿ ಸೀಟಿನ ಹಿಂದಿನ ಕಂಬಿ, ಇನ್ನೊಂದು ಕೈಯಲ್ಲಿ ಸೊಸೆಯ ಭುಜ ಹಿಡಿದು ಕೂತರು. ದೇರೆಬೈಲಿನಿಂದ ಕುಂಟಿಕಾನಕ್ಕೆ ಇಳಿದು ಹೆದ್ದಾರಿ ಸೇರುವಾಗ ಎದುರಿನ ಗಾಳಿ ಬಾಣಲೆಯ ಹಬೆಯಂತೆ ಮುಖಕ್ಕೆ ಬಡಿಯಿತು. ಅವಳು ಯಾವತ್ತೂ ಇಷ್ಟು ವೇಗದಲ್ಲಿ ಹೋದವಳಲ್ಲ. ಕಣ್ಣ ಮುಂದೆ ರಸ್ತೆಯಿದ್ದರೂ ತಲೆಯೊಳಗೆ ಹಿಂದಿನ ದಿನದ, ಶುಕ್ರವಾರದ ಸಂಜೆಯೇ ತಿರುಗುತ್ತಿತ್ತು.

ನದಿಯ ಬದಿಯಲ್ಲಿ ಜೋನ್‌ನ ಅಜ್ಜನ ಕಾಲದ ಹಂಚಿನ ಕಾರ್ಖಾನೆಯ ಶೆಡ್ಡು ಇದೆ. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು. ಅಲ್ಲಿ ವಾರಕ್ಕೊಮ್ಮೆ ಸೇರುವ ಕೂಟಕ್ಕೆ ಹಳೆಯ ಕೋವಿಗಳ ಹುಚ್ಚು. ಒಡೆದ ಹಂಚಿನ ತುಂಡುಗಳನ್ನು ತೆಂಗಿನ ಹಗ್ಗದಲ್ಲಿ ನೇತುಹಾಕಿ, ಹಳೇ ಕಾಲದ ವೇಷ ಹಾಕಿಸಿದ ಏರ್‌ಗನ್ನುಗಳಿಂದ ಹೊಡೆಯುತ್ತಾರೆ. ತಾಗಿದರೆ ಹಂಚು ಠಣ್ಣೆನ್ನುತ್ತದೆ. ತಲೆಗೆ ಅಗಲ ಅಂಚಿನ ಕೌಬಾಯ್ ಟೊಪ್ಪಿ, ಟೊಪ್ಪಿ ಹಾಕಿದ ಮೇಲೆ ಬೇರೆಯೇ ಹೆಸರು. ಶೆಡ್ಡಿನ ಯಜಮಾನ ಜೋನ್ ಅಲ್ಲಿ ಶೆರೀಫ್. ಬಂದರಿನಲ್ಲಿ ಮರದ ಡಿಪೋ ಇಟ್ಟಿರುವ ನಿಯಾಝ್, ಬಂದರ್ ಬಿಲ್ಲಿ. ಗಲ್ಫಿನಲ್ಲಿ ಫಿಟ್ಟರ್ ಆಗಿದ್ದು ಬಂದ ಯೋಗೀಶ, ಸೌದಿ ಕಿಡ್. ಶೀನಪ್ಪ ಶೆಟ್ಟರು ಕೌಬಾಯ್ ಟೊಪ್ಪಿ ಒಲ್ಲೆನೆಂದು ಅಡಿಕೆ ಹಾಳೆಯ ಟೊಪ್ಪಿ, ಮುಟ್ಟಾಳೆ, ಇಟ್ಟುಕೊಂಡು ಬಂದರು. ಮುಟ್ಟಾಳೆ ಮಾರ್ಷಲ್ ಆದರು. ಮಾವನನ್ನು ಕಾರಿನಲ್ಲಿ ಬಿಡಲು ಹೋಗಿ ಮೂಲೆಯಲ್ಲಿ ಸುಮ್ಮನೆ ಕೂರುತ್ತಿದ್ದ ಸಂಚಿತಾ, ಒಂದು ದಿನ ಯೋಗೀಶ ಮರ ಕೆಡಿಸುವುದನ್ನು ನೋಡಲಾರದೆ ಅವನ ಕೈಯಿಂದ ಉಳಿ ಕಿತ್ತುಕೊಂಡಳು. ಅಲ್ಲಿಂದ ಮೇಲೆ ಕೂಟದ ಮರದ ಕೆಲಸವೆಲ್ಲ ಅವಳದ್ದು. ಹೆಸರು ಕಾಚಕ್ಕ. ಅಡುಗೆ ಮನೆಯ ಕೆಲಸದ ನಡುವೆ, ಅನ್ನ ಬೇಯುವಷ್ಟು ಹೊತ್ತಿನಲ್ಲಿ, ಮೋಕ್ಷಾ ಟ್ಯೂಷನ್ನಿಗೆ ಹೋದ ಗಂಟೆಯಲ್ಲಿ, ಒಂದೊಂದು ಕೋವಿಯ ಹಿಡಿಕೆ ಅವಳ ಕೈಯಲ್ಲಿ ಮೂಡುತ್ತಿತ್ತು.

ಅಲ್ಲೊಂದು ಪದ್ಧತಿ. ನಕಲು ಮುಗಿದ ಮೇಲೆ ಅಸಲಿಯನ್ನೂ ನಕಲಿಯನ್ನೂ ಮೇಜಿನ ಮೇಲೆ ಒಟ್ಟಿಗೆ ಇಡುವುದು. ಅಸಲಿಯ ಒಡೆಯ ಕೈ ಬೆನ್ನಿಗೆ ಕಟ್ಟಿ, ಮುಟ್ಟದೆ, ತನ್ನದು ಯಾವುದೆಂದು ಹೇಳಬೇಕು. ಅವನು ತಪ್ಪಿದರೆ ಮಾಡಿದವರು ಗೆದ್ದರು. ಸರಿಯೋ ತಪ್ಪೋ ಎಂದು ಹೇಳುವ ಹಕ್ಕು ಮಾಡಿದವರಿಗೆ ಮಾತ್ರ.

ಶುಕ್ರವಾರ ಮಾವ ಬಹಳ ಹೊತ್ತು ನೋಡಿದರು. ಬಗ್ಗಿ ನೋಡಿದರು, ಓರೆಯಾಗಿ ನೋಡಿದರು. ಮರದ ಹಿಂಬದಿಯಲ್ಲಿ ಅವರ ಅಪ್ಪನ ಬೇಟೆನಾಯಿ ಕಚ್ಚಿದ ಹಲ್ಲಿನ ಗುರುತಿತ್ತು. "ಇದು ನನ್ನದು," ಎಂದರು. "ಈ ಕಚ್ಚಿದ್ದು ನೋಡಿ. ಅಪ್ಪ ಆ ನಾಯಿಗೆ ಹೊಡೀಲಿಲ್ಲ. ಬೆಡಿಗೆ ನೋವಾಗಿದೆ, ನಾಯಿಗೂ ಯಾಕೆ ನೋವು ಮಾಡುದು ಅಂದ್ರು." ಹೇಳುತ್ತ ಹೇಳುತ್ತ ಮುಟ್ಟಾಳೆ ತೆಗೆದು ಎದೆಗೆ ಹಿಡಿದುಕೊಂಡರು.

ಅವರು ತೋರಿಸಿದ್ದು ನಕಲಿಯನ್ನು.

"ಕಾಚಕ್ಕ, ಸರಿಯಾ ತಪ್ಪಾ?" ಎಂದು ಜೋನ್ ಕೇಳಿದ. ಎಲ್ಲರೂ ಟೊಪ್ಪಿ ಹಾರಿಸಲು ತಯಾರಾಗಿ ಅವಳ ಬಾಯಿ ನೋಡುತ್ತಿದ್ದರು. ಗೆದ್ದ ಖುಷಿ ಅವಳ ಎದೆಯಲ್ಲಿ ಉಕ್ಕಿ ಬಂದಿತ್ತು. ಆದರೆ ಎದುರಿಗೆ ಮಾವನ ಒದ್ದೆ ಕಣ್ಣು. ಅಪ್ಪನ ಕೋವಿಯನ್ನೇ ಗುರುತು ಹಿಡಿಯದ ಮಗ ಎಂದು ಇಷ್ಟು ಜನರ ನಡುವೆ ಹೇಗೆ ಹೇಳುವುದು?

"ಸರಿ," ಎಂದುಬಿಟ್ಟಳು.

ಮನೆಗೆ ಹೋಗಿ ಹೇಳಿದರಾಯಿತು, ಹೊರಡುವಾಗ ಬದಲಿಸಿದರಾಯಿತು ಎಂದುಕೊಂಡಿದ್ದಳು. ಅಷ್ಟರಲ್ಲಿ ಮೋಕ್ಷಾಳನ್ನು ಹುಲಿ ಕುಣಿತದ ಅಭ್ಯಾಸದಿಂದ ಕರೆತರುವ ಹೊತ್ತಾಯಿತು. "ನಿಯಾಝ್, ಮಾವನದ್ದು ಮಾವನಿಗೇ ಕಟ್ಟು ಮಾರಾಯ," ಎಂದು ಹೇಳಿ ಓಡಿದಳು. ನಿಯಾಝ್ ಅವಳ ಮಾತನ್ನು ನಂಬಿದ. ಸರಿ ಎಂದವಳು ಅವಳೇ ಅಲ್ಲವೇ. ಮಾವ ತೋರಿಸಿದ್ದನ್ನು ಬೈರಾಸಿನಲ್ಲಿ ಕಟ್ಟಿ ಅವರಿಗೆ ಕೊಟ್ಟ. ಉಳಿದದ್ದನ್ನು ಉದ್ದ ಚೀಲದೊಳಗೆ ಹಾಕಿ, ಅಪ್ಪನ ಜೊತೆ ಬಂದಿದ್ದ ಮನ್ವಿತಾಳ ಹೆಗಲಿಗೇರಿಸಿದ. ರಾತ್ರಿ ಮಾವ ಕಪಾಟಿಗೆ ಬೀಗ ಹಾಕಿದ್ದನ್ನು ಕಂಡು, ನಿಯಾಝ್‌ಗೆ ಗೊತ್ತಾಗದೆ ಇರುತ್ತದೆಯೇ ಎಂದು ಅವಳು ಮಲಗಿದಳು.

ನಂತೂರು ದಾಟಿತು. ಪಂಪ್‌ವೆಲ್‌ನಲ್ಲಿ ಫ್ಲೈಓವರಿನ ಕೆಳಗೆ ತಿರುಗಬೇಕಾದಲ್ಲಿ ಎಲ್ಲವೂ ನಿಂತಿತ್ತು. ಒಂದರ ಹಿಂದೆ ಒಂದು ಬಸ್ಸು, ಬಸ್ಸುಗಳ ನಡುವೆ ಚುನಾವಣಾ ಪ್ರಚಾರದ ಜೀಪು, ಅದರ ಧ್ವನಿವರ್ಧಕ. ಕಂಡಕ್ಟರೊಬ್ಬ ಬಾಗಿಲಲ್ಲಿ ನೇತಾಡಿಕೊಂಡು "ತೊಕ್ಕೊಟ್ಟು ತೊಕ್ಕೊಟ್ಟು" ಎಂದು ಕೂಗುತ್ತಿದ್ದ; ಬಸ್ಸು ಅಲುಗುತ್ತಿರಲಿಲ್ಲ. ಸಂಚಿತಾ ಸ್ಕೂಟರಿನ ಮೂತಿಯನ್ನು ಸಂದಿಗೆ ತೂರಿಸಿ ನೋಡಿದಳು. ಒಂದು ರಿಕ್ಷಾ ಅಡ್ಡ ಬಂತು. ಮತ್ತೆ ಬೆನಿಟಾಳಿಗೆ ಫೋನು. ಇಲ್ಲ.

"ಸಂಚಿತಾ," ಎಂದರು ಮಾವ, ಕಿವಿಯ ಹತ್ತಿರ.

"ಎಂತ ಮಾವ?"

"ಅದರೊಳಗೆ ಮದ್ದು ಉಂಟು."

ಆರಾಮಕುರ್ಚಿಯಿಂದ ಅವರು ಎದ್ದ ಗಳಿಗೆಯಲ್ಲೇ ಅವಳಿಗದು ಗೊತ್ತಾಗಿತ್ತು.

"ಯಾವಾಗಿನದ್ದು?"

"ಕಿನ್ನಿಗೋಳಿಯಲ್ಲಿ ತಮ್ಮನ ತೋಟಕ್ಕೆ ಮಂಗ ಬರ್ತದೆ ಅಂತ ತುಂಬಿಸಿದ್ದು. ಆ ದಿನವೇ ಅಲ್ವಾ ನಾನು ಗದ್ದೆ ಹುಣಿಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡದ್ದು? ಮತ್ತೆ ಹೊಡೀಲಿಕ್ಕೆ ಆಗ್ಲೇ ಇಲ್ಲ. ದೇರೆಬೈಲಲ್ಲಿ ಎಲ್ಲಿಗೆ ಹೊಡೆಯುದು, ಪಕ್ಕದವರ ನೀರಿನ ಟ್ಯಾಂಕಿಗಾ?"

"ನಿಯಾಝ್‌ಗೆ ಹೇಳಿದ್ರೆ ತೆಗ್ದು ಕೊಡ್ತಿದ್ದ."

"ಹೇಗೆ ಹೇಳುದು? ಶೆಡ್ಡಿಗೆ ಬಂದವರಿಗೆಲ್ಲ ಗಜ ಇಳಿಸಿ ನೋಡಿ, ಗಜ ಇಳಿಸಿ ನೋಡಿ ಅಂತ ಪಾಠ ಮಾಡುವವ ನಾನು."

ಗಜವೆಂದರೆ ನಳಿಗೆಯೊಳಗೆ ಇಳಿಸುವ ಕಬ್ಬಿಣದ ಉದ್ದ ಕಡ್ಡಿ. ಹಳೇ ಕೋವಿ ಯಾವುದೇ ಬರಲಿ, ಬಾಗಿಲಲ್ಲೇ ಗಜ ಇಳಿಸಬೇಕು. ಖಾಲಿಯಿದ್ದರೆ ಕಡ್ಡಿ ತಳಕ್ಕೆ ತಾಗಿ ಠಿಣ್ಣೆನ್ನುತ್ತದೆ. ಅದು ಶೆಡ್ಡಿನ ಕಾನೂನು, ಕಾನೂನು ಮಾಡಿದವರು ಮಾವ. ಅವರ ಕೋವಿಗೆ ಮಾತ್ರ ಯಾರೂ ಗಜ ಇಳಿಸಿರಲಿಲ್ಲ. ಇಳಿಸಿದರೆ ಅವರ ಮಾತನ್ನೇ ಸಂಶಯಪಟ್ಟ ಹಾಗಾಗುತ್ತದೆ ಎಂದು ಎಲ್ಲರಿಗೂ ಸಂಕೋಚ.

ಮುಂದಿನ ಬಸ್ಸು ಒಂದು ಮಾರು ಸರಿದು ನಿಂತಿತು. ಸಂಚಿತಾಳಿಗೆ ಇಳಿದು ಓಡಿಬಿಡೋಣ ಅನಿಸಿತು. ಮಾವನನ್ನು ಈ ನಡುರಸ್ತೆಯಲ್ಲಿ ಬಿಟ್ಟು ಹೇಗೆ ಓಡುವುದು?

"ಮಾವ, ನಿನ್ನೆ ನೀವು ತೋರಿಸಿದ್ದು ನಿಮ್ಮದಲ್ಲ. ನಾನು ಸರಿ ಅಂದದ್ದು ಸುಳ್ಳು. ಅದರಿಂದಲೇ ಇಷ್ಟೆಲ್ಲ ಆದದ್ದು."

ಭುಜದ ಮೇಲಿನ ಕೈ ಅಲ್ಲೇ ಇತ್ತು.

"ನನ್ನದಲ್ವಾ?"

"ಅಲ್ಲ."

"ನಾಯಿ ಕಚ್ಚಿದ ಗುರುತು ಇತ್ತಲ್ಲ?"

"ಅದು ನಾನು ಉಳಿಯಲ್ಲಿ ಕೊರೆದದ್ದು."

ಜೀಪಿನ ಧ್ವನಿವರ್ಧಕ ಒಂದು ಸುತ್ತು ಒದರಿ ಮುಗಿಸಿತು. ಆಮೇಲೆ, "ನಾಯಿ ಸಮಾ ಕಚ್ಚಿದ ಹಾಗೆಯೇ ಇತ್ತು ಮಗಾ," ಎಂದರು. ಮತ್ತೆ ತಟಕ್ಕನೆ ದನಿ ಏರಿಸಿ, "ಎಂತ ನೋಡ್ತಾ ಕೂತಿದ್ದೀ? ಹಾರ್ನ್ ಹೊಡಿ! ಆ ರಿಕ್ಷಾದವನ ಎಡದಲ್ಲಿ ಜಾಗ ಉಂಟು. ಹೋಗು, ನಾನು ಕಾಲು ಮಡಚ್ತೇನೆ!"

ಹೋದಳು. ಅವರ ಮೊಣಕಾಲು ರಿಕ್ಷಾಕ್ಕೆ ಉಜ್ಜಿದ ಸದ್ದು ಕೇಳಿಸಿತು. ಅವರು ಹಲ್ಲು ಕಚ್ಚಿ, ಮುಂದೆ ಹೋಗೆಂದು ಅವಳ ಭುಜ ತಟ್ಟಿದರು.

ಸಭಾಭವನದ ಬಾಗಿಲಲ್ಲೇ ತಾಸೆಯ ಬಡಿತ ಎದುರಾಯಿತು. ವೇದಿಕೆಯ ಮೇಲೆ ಕೊನೆಯ ಅಭ್ಯಾಸಕ್ಕೆ ಬೇಟೆಗಾರ ಮನ್ವಿತಾ ಮೀಸೆ ಬರೆಸಿಕೊಂಡು ನಿಂತಿದ್ದಳು. ಅವಳ ಹೆಗಲಿಗೆ ಏರಿಸಿದ್ದದ್ದು ಮಡಚಿದ ಕೊಡೆ. ಸಂಚಿತಾಳ ಉಸಿರು ಅರ್ಧ ಕೆಳಗಿಳಿಯಿತು.

"ಮನ್ವಿತಾ, ಬೆಡಿ ಎಲ್ಲಿ?"

"ಒಳಗೆ ಉಂಟು ಆಂಟಿ. ಅದು ತುಂಬ ಭಾರ, ಎತ್ತಿ ಹಿಡಿದ್ರೆ ಕೈ ನಡುಗ್ತದೆ. ಶೆಡ್ಡಿನಲ್ಲಿ ಮೊದಲು ಹಿಡಿದದ್ದು ಹಾಗಿರ್ಲಿಲ್ಲ. ಅಪ್ಪನಿಗೆ ನಿನ್ನೆಯೇ ಹೇಳಿದೆ. ಸರಿ ಗಂಜಿ ಊಟ ಮಾಡು, ಹಗುರ ಆಗ್ತದೆ ಅಂದ್ರು."

ಒಳಗಿನ ಕೋಣೆ ಬಣ್ಣದ ವಾಸನೆಯಿಂದ ತುಂಬಿತ್ತು. ಮೈಗೆ ಹಳದಿ ಬಳಿಸಿಕೊಂಡ ಮಕ್ಕಳು ಬಣ್ಣ ಒಣಗಲೆಂದು ಎರಡೂ ಕೈ ಅಗಲಿಸಿಕೊಂಡು ಫ್ಯಾನಿನ ಕೆಳಗೆ ನಿಂತಿದ್ದರು. ಗೋಡೆಯ ಮೂಲೆಗೆ ಕೋವಿ ಒರಗಿತ್ತು, ನಳಿಗೆಯ ಬಾಯಿ ಮೇಲಕ್ಕೆ. ಕುದುರೆ ಎಳೆದೇ ಇತ್ತು, ಅದರ ಕೆಳಗೆ ಕೆಂಪು ಕೇಪು. ಅರ್ಧ ಪಟ್ಟೆ ಬರೆಸಿಕೊಂಡ ಮೋಕ್ಷಾ ತುದಿಗಾಲಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ನಳಿಗೆಯ ಬಾಯಿಗೆ ಇಟ್ಟು ಒಳಗೆ ನೋಡುತ್ತಿದ್ದಳು.

ಕೂಗಬೇಕೆಂದು ಬಾಯಿವರೆಗೆ ಬಂದದ್ದನ್ನು ಸಂಚಿತಾ ನುಂಗಿದಳು. ಕೂಗಿದರೆ ಮಗು ಬೆಚ್ಚುತ್ತದೆ. ಬೆಚ್ಚಿದರೆ ಕೋವಿ ಬೀಳುತ್ತದೆ. ಶಾಲೆಯ ದಿನ ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುವ ದನಿಯಲ್ಲೇ ಕರೆದಳು. "ಮೋಕ್ಷಾ. ಬಾಲ ಕಟ್ಟುದು ಬಾಕಿ ಉಂಟಲ್ಲ. ಬಾ, ಕಟ್ಟುವಾ."

"ಒಂದು ನಿಮಿಷ ಅಮ್ಮ, ಒಳಗೆ ಎಂತ ಉಂಟು ಅಂತ ನೋಡ್ತಿದ್ದೇನೆ."

"ಮತ್ತೆ ನೋಡುವಾ. ಬಾಲ ಇಲ್ಲದ ಹುಲಿಯನ್ನು ಯಾರು ನೋಡ್ತಾರೆ ಹೇಳು."

ಮೋಕ್ಷಾ ಗೊಣಗುತ್ತ ಬಂದಳು. ಬಂದವಳ ತೋಳನ್ನು ಸಂಚಿತಾ ಹಿಡಿದ ರಭಸಕ್ಕೆ ಹಳದಿ ಬಣ್ಣದಲ್ಲಿ ಐದು ಬೆರಳೂ ಮೂಡಿದವು. ಅಷ್ಟರಲ್ಲಿ ಶೀನಪ್ಪ ಶೆಟ್ಟರು ಕುಂಟುತ್ತ ಮೂಲೆಗೆ ತಲುಪಿ, ಕೋವಿಯನ್ನು ಎರಡೂ ಕೈಯಲ್ಲಿ ಎತ್ತಿ ಬಾಯಿಯನ್ನು ಕಿಟಕಿಯ ಹೊರಗೆ ಆಕಾಶಕ್ಕೆ ಹಿಡಿದರು. ಹೆಬ್ಬೆರಳಲ್ಲಿ ಕುದುರೆಯನ್ನು ತಡೆದು ಹಿಡಿದುಕೊಂಡು ಕೇಪನ್ನು ಉಗುರಿನಿಂದ ಕಿತ್ತು ಬಿಸಾಡಿದರು. ಕುದುರೆಯನ್ನು ಮೆಲ್ಲ ಕೆಳಗಿಳಿಸಿದರು.

"ಅಜ್ಜ, ಅದು ಟಪ್ ಅಂತದೆ," ಎಂದ ಒಂದು ಪುಟ್ಟ ಹುಲಿ. "ಬೆಳಿಗ್ಗೆಯಿಂದ ನಾವೆಲ್ಲ ಹೊಡೆದೆವು. ಹೊಗೆ ಕೂಡ ಬರ್ತದೆ!"

"ಯಾರ ಮೇಲೆ ಹೊಡೆದದ್ದು?"

"ಎಲ್ಲರ ಮೇಲೂ!"

ಸಂಚಿತಾ ಮಗಳನ್ನು ಹಿಡಿದುಕೊಂಡೇ ನೆಲದಲ್ಲಿ ಕೂತುಬಿಟ್ಟಳು. ತಾಸೆಯವರು ಬಡಿಯುತ್ತಲೇ ಇದ್ದರು.

ಸಭಾಭವನದ ಹಿಂದೆ, ಬಾವಿಯ ಪಕ್ಕದ ಖಾಲಿ ಜಾಗದಲ್ಲಿ ಕೂಟ ಸೇರಿತು. ನಿಯಾಝ್ ತನ್ನ ಪಿಕಪ್ಪಿನಲ್ಲಿ ಜೋನ್‌ನನ್ನು ಕರೆತಂದಿದ್ದ. ಜೋನ್ ಶೆಡ್ಡಿನಲ್ಲಿ ಇದ್ದ ಹಾಗೆಯೇ, ಕೌಬಾಯ್ ಟೊಪ್ಪಿಯಲ್ಲೇ ಬಂದಿದ್ದ. ಯೋಗೀಶ ಫೆರಿಯಿಂದಿಳಿದು ಯಾರದೋ ಬೈಕಿನ ಹಿಂದೆ ಕೂತು ತಲುಪುವಾಗ ಅವನ ಪ್ಯಾಂಟು ಮೊಣಕಾಲ ತನಕ ಒದ್ದೆ. ಫೆರಿ ದಡ ಮುಟ್ಟುವ ಮೊದಲೇ ಹಾರಿದ್ದನಂತೆ. ಬೆನಿಟಾ ಮಕ್ಕಳನ್ನೆಲ್ಲ ವೇದಿಕೆಯ ಕಡೆಗೆ ಸಾಗಿಸಿ ಬಾಗಿಲು ಹಾಕಿದಳು. ಫೋನು ಬ್ಯಾಗಿನೊಳಗೆ ಉಳಿದುಹೋಯಿತೆಂದು ಮತ್ತೆ ಮತ್ತೆ ಹೇಳುತ್ತಿದ್ದ ಅವಳ ಮುಖ ಬಿಳಚಿಕೊಂಡಿತ್ತು.

ನಿಯಾಝ್ ಗಜವನ್ನು ಕೈಗೆತ್ತಿಕೊಂಡ. ಮಾವ ಕೈ ಚಾಚಿದರು.

"ಕೊಡು ಇಲ್ಲಿ. ನಾನು ಇಳಿಸ್ತೇನೆ."

"ಶೀನಪ್ಪಣ್ಣ, ನಾನು ಮಾಡ್ತೇನೆ, ನೀವು ಕೂತ್ಕೊಳ್ಳಿ."

"ಕೊಡು ಅಂದೆ."

ಕೋವಿಯನ್ನು ನೆಲಕ್ಕೂರಿ, ಮುಖವನ್ನು ಪಕ್ಕಕ್ಕಿಟ್ಟು, ಅವರು ಗಜವನ್ನು ಮೆಲ್ಲ ಇಳಿಸಿದರು. ಎಲ್ಲರೂ ಕಿವಿಗೊಟ್ಟರು. ಠಿಣ್ ಬರಲಿಲ್ಲ. ಹಸಿ ಮಣ್ಣಿಗೆ ಕೋಲು ಊರಿದಂತೆ ಏನೋ ಒಂದು ಮೆತ್ತನೆಯ ಸದ್ದು. ಗಜದ ತುದಿ ನಳಿಗೆಯ ಬಾಯಿಂದ ಒಂದು ಗೇಣು ಮೇಲೆಯೇ ನಿಂತಿತು.

ಜೋನ್ ಟೊಪ್ಪಿ ತೆಗೆದ.

ನಿಯಾಝ್ ಬಾವಿಯಿಂದ ನೀರು ಸೇದಿ ನಳಿಗೆಯೊಳಗೆ ಹೊಯ್ದ. ಕೊಡದಲ್ಲಿ ಕೊಡದಲ್ಲಿ ಹೊಯ್ದ. ಆಮೇಲೆ ಕೋವಿಯನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ಕೇಪು ಕೂರುವ ಮೊಳೆಯ ಸಣ್ಣ ತೂತಿನೊಳಗೆ ದಬ್ಬಣದ ತುದಿ ತೂರಿಸಿ ಕೆರೆದ. ಕಂದು ಬಣ್ಣದ ಗಟ್ಟಿ ಅಂಟು, ಮೇಣದ ಹಾಗೆ, ದಬ್ಬಣಕ್ಕೆ ಹತ್ತಿಕೊಂಡು ಬಂತು. ಮೂಗಿಗೆ ಹಿಡಿದ.

"ತೆಂಗಿನೆಣ್ಣೆ," ಎಂದ.

ಮಾವನಿಗೂ ನಿಯಾಝ್‌ಗೂ ಪ್ರತಿವಾರ ಇದೇ ಜಗಳ. ಕಬ್ಬಿಣಕ್ಕೆ ತೆಂಗಿನೆಣ್ಣೆ ಹಾಕಬೇಡಿ, ಒಣಗಿ ಅಂಟಾಗುತ್ತದೆ, ತೂತು ಮುಚ್ಚುತ್ತದೆ ಎಂದು ಅವನು. ನನ್ನ ಅಪ್ಪ ಹಾಕಿದ್ದು ಅದನ್ನೇ, ನಿನ್ನ ಡಬ್ಬಿ ಎಣ್ಣೆ ನೀನೇ ತಲೆಗೆ ಹಚ್ಚಿಕೋ ಎಂದು ಇವರು. ಬೆಳಿಗ್ಗೆಯಿಂದ ಮಕ್ಕಳು ಹೊಡೆದ ಒಂದೊಂದು ಕೇಪಿನ ಕಿಡಿಯೂ ಈ ಅಂಟಿಗೆ ಬಂದು ಸತ್ತಿತ್ತು.

ನಿಯಾಝ್ ದಬ್ಬಣವನ್ನು ಅಂಗಿಗೆ ಒರೆಸಿದ. "ಇನ್ನು ಹಾಕ್ಬೇಡಿ ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರುದಿಲ್ಲ ಶೀನಪ್ಪಣ್ಣ," ಎಂದ.

ಯೋಗೀಶ ಬಾವಿಕಟ್ಟೆಯ ಮೇಲೆ ಕೂತು ತಲೆ ಹಿಡಿದುಕೊಂಡಿದ್ದ. "ಭಾರ ಉಂಟು ಅಂತ ಹೇಳಿದ್ಲು ನನ್ನ ಹುಡುಗಿ. ನಾನು ತಮಾಷೆ ಮಾಡಿದೆ."

"ನಾನು ಸುಳ್ಳು ಹೇಳದಿದ್ರೆ ಅವಳ ಕೈಗೆ ಅದು ಹೋಗ್ತಾ ಇರ್ಲಿಲ್ಲ," ಎಂದಳು ಸಂಚಿತಾ.

"ಎಲ್ಲರೂ ಪಾಲು ಮಾಡ್ಕೊಳ್ಳಿ, ಬೇಕಾದಷ್ಟುಂಟು," ಎಂದ ಜೋನ್. ಯಾರೂ ನಗಲಿಲ್ಲ. ಅವನೇ ಮತ್ತೆ ದನಿ ತಗ್ಗಿಸಿದ. "ಈಗ ಎಂತ ಮಾಡುದು ಶೆಟ್ರೆ? ಇದನ್ನು ಹಿಡ್ಕೊಂಡು ರಸ್ತೆಗೆ ಹೋಗುವ ಹಾಗಿಲ್ಲ, ಎಲ್ಲ ಕಡೆ ಚೆಕ್ಕಿಂಗ್ ಉಂಟು. ಚುನಾವಣೆ ಮುಗಿಯುವ ತನಕ ಶೆಡ್ಡಿನಲ್ಲಿ ಬೀಗ ಹಾಕಿ ಇಡುವಾ. ಮತ್ತೆ ಠಾಣೆಯಿಂದ ಅದನ್ನು ಬಿಡಿಸಿಕೊಂಡು ಬಂದ್ರಾಯ್ತು. ಯಾರಿಗೂ ಗೊತ್ತಾಗ್ಲಿಕ್ಕಿಲ್ಲ. ನಾನು ಹತ್ತಿರ ನಿಂತು ನೋಡಿದವ, ನನಗೇ ಗೊತ್ತಾಗ್ಲಿಲ್ಲ."

ಮಾವ ಸಂಚಿತಾಳ ಕಡೆ ನೋಡಿದರು. ಅವಳ ಸೀರೆಗೆಲ್ಲ ಹುಲಿಯ ಹಳದಿ ಬಣ್ಣ ಹತ್ತಿತ್ತು. "ಫೋನು ಕೊಡು," ಎಂದರು.

"ಲೈಸೆನ್ಸ್ ಹೋದ್ರೂ ಹೋಗಬಹುದು ಶೆಟ್ರೆ."

"ಹೋಗ್ಲಿ."

ಠಾಣೆಯವರಿಗೆ ಮೊದಲು ಅರ್ಥವೇ ಆಗಲಿಲ್ಲ. ಫೋನಿನ ದನಿ ಎಲ್ಲರಿಗೂ ಕೇಳಿಸುತ್ತಿತ್ತು. "ಶೆಟ್ರೇ, ನಿಮ್ಮ ಕೋವಿ ಇಲ್ಲೇ ಉಂಟಲ್ಲ. ಚೀಟಿ ಕಟ್ಟಿ ಇಟ್ಟಿದ್ದೇವೆ. ನೋಡ್ತಾ ಇದ್ದೇನೆ ನಾನು. ಹಿಂದೆ ನಾಯಿ ಕಚ್ಚಿದ ಗುರುತು ಕೂಡ ಉಂಟು."

"ಅದು ನನ್ನದಲ್ಲ ಸರ್," ಎಂದರು ಶೀನಪ್ಪ ಶೆಟ್ಟರು. "ಅದು ನನ್ನ ಸೊಸೆಯದ್ದು. ನನ್ನದು ಇಲ್ಲುಂಟು. ಮದ್ದು ತುಂಬಿಸಿದ್ದು ನಾನು, ಮರೆಮಾಚಿದ್ದೂ ನಾನು. ನೀರು ಹೊಯ್ದಿದ್ದೇವೆ. ಬಂದು ತಕ್ಕೊಂಡು ಹೋಗಿ."

ಬಂದರು. ಜೀಪಿನಿಂದಿಳಿದ ಅಧಿಕಾರಿ ನಕಲಿಯನ್ನು ಅಸಲಿಯ ಪಕ್ಕದಲ್ಲಿಟ್ಟು ನೋಡಿದರು, ಬಗ್ಗಿ ನೋಡಿದರು. ಬೈಗುಳವನ್ನು ಬಾಯಲ್ಲಿಟ್ಟುಕೊಂಡೇ ಬಂದಿದ್ದವರು ಒಂದು ಗಳಿಗೆ ಅದನ್ನು ಮರೆತು, "ಇದನ್ನು ಮಾಡಿದವರು ಯಾರು?" ಎಂದು ಕೇಳಿದರು. ನಾಲ್ವರೂ ಒಟ್ಟಿಗೆ ಸಂಚಿತಾಳ ಕಡೆ ಕೈ ತೋರಿಸಿದರು. ಆಮೇಲೆ ಅಧಿಕಾರಿ ಬೈದರು, ಚೆನ್ನಾಗಿಯೇ ಬೈದರು. ಎರಡೂ ಕೋವಿಗಳನ್ನು ಜೀಪಿಗೆ ಹಾಕಿಸಿದರು. ಮಾವನೂ ಹತ್ತಿದರು, ಅವರ ಜೊತೆಗೆ, ಯಾರೂ ಕರೆಯದಿದ್ದರೂ, ನಿಯಾಝ್ ಹತ್ತಿದ. ಅವರ ಹಿಂದೆ ಜೋನ್ ಪಿಕಪ್ಪು ಓಡಿಸಿಕೊಂಡು ಹೊರಟ. ಹೊರಡುವ ಮುನ್ನ ಮಾವ ಕಿಟಕಿಯಿಂದ ಕತ್ತು ಹೊರಹಾಕಿ, "ನೀನು ನಾಟಕ ನೋಡಿಯೇ ಬಾ. ಹುಡುಗಿ ಕಾಯ್ತದೆ," ಎಂದರು.

ನಾಟಕ ಶುರುವಾಯಿತು. ಸಂಚಿತಾ ಮುಂದಿನ ಸಾಲಿನಲ್ಲಿ, ಯೋಗೀಶನ ಪಕ್ಕದಲ್ಲಿ ಕೂತಳು. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಸೆರಗು ಸರಿ ಮಾಡಿದಳು, ಫೋನು ತೆಗೆದು ನೋಡಿದಳು, ಮತ್ತೆ ಒಳಗಿಟ್ಟಳು. ಠಾಣೆಯಿಂದ ಸುದ್ದಿ ಬಂದಿರಲಿಲ್ಲ. ಬೆರಳುಗಳನ್ನು ಮೂಸಿದರೆ ಇನ್ನೂ ಕಾಚು. ವೇದಿಕೆಯ ಮೇಲೆ ಹುಲಿ ಬಂತು, ಸುತ್ತು ಹಾಕಿತು, ನೆಲಕ್ಕೆ ಮೈ ಬಾಗಿಸಿ ಹೊಂಚಿತು. ತೋಳಿನ ಮೇಲೆ ಐದು ಬೆರಳಿನ ಗುರುತು ಹಾಗೆಯೇ ಇತ್ತು. ಬಣ್ಣದವರು ಅದನ್ನೂ ಪಟ್ಟೆಯೆಂದುಕೊಂಡು ಕಪ್ಪಿನಲ್ಲಿ ತಿದ್ದಿಬಿಟ್ಟಿದ್ದರು.

ಮನ್ವಿತಾ ಕೊಡೆಯನ್ನು ಹೆಗಲಿಗೇರಿಸಿದಳು. ಒಂದು ಕಣ್ಣು ಮುಚ್ಚಿದಳು. ತಾಸೆ ನಿಂತಿತು.

"ಠೋ!" ಎಂದು ಬಾಯಿಯಲ್ಲೇ ಕೂಗಿದಳು. ಸಭೆ ಗೊಳ್ಳೆಂದು ನಕ್ಕಿತು. ಹುಲಿ ಎದೆ ಹಿಡಿದುಕೊಂಡು, ಎರಡು ಸುತ್ತು ತಿರುಗಿ, ಧೊಪ್ಪನೆ ಬಿತ್ತು.

ತಾನು ಎದ್ದು ನಿಂತಿದ್ದೇನೆ ಎಂದು ಸಂಚಿತಾಳಿಗೆ ಗೊತ್ತಾದದ್ದು ಹಿಂದಿನವರು "ಕೂತ್ಕೊಳ್ಳಿ, ಕಾಣುದಿಲ್ಲ," ಎಂದಾಗ. ಯೋಗೀಶನೂ ಎದ್ದು ನಿಂತಿದ್ದ. ಇಬ್ಬರೂ ಕೂರಲಿಲ್ಲ.

ಸತ್ತು ಬಿದ್ದ ಹುಲಿ ಒಂದು ಕಣ್ಣು ತೆರೆದು ಅಮ್ಮನನ್ನು ನೋಡಿತು. ಕೂರು ಅಮ್ಮ, ನಾಚಿಕೆ ಆಗ್ತದೆ ಎನ್ನುವ ಹಾಗೆ ಹುಬ್ಬು ಗಂಟಿಕ್ಕಿ, ಮತ್ತೆ ಸತ್ತಿತು.